ಹದ್ದುಗಲ್ಲಿನ ದೀಪದ ಅಜ್ಜ

ಅವರಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹುಬ್ಬಿರಬೇಕಾದ ಜಾಗದಲ್ಲಿ ಬೆರಳಗಲದ ನುಣುಪು ಚರ್ಮ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬಲಗಡೆಯ ಹುಬ್ಬು ಮಾತ್ರ ಪೊದೆಯ ಹಾಗೆ ಬೆಳೆದು, ಬೆಳ್ಳಗಾಗಿ, ಕಣ್ಣಿನ ಮೇಲೆ ಬಾಗಿತ್ತು. ಹಾಗಾಗಿ ಅವರು ಸುಮ್ಮನೆ ಕೂತಿದ್ದರೂ ಒಂದು ಪಕ್ಕದಿಂದ ನೋಡಿದವರಿಗೆ ಏನೋ ಆಶ್ಚರ್ಯಪಟ್ಟಂತೆಯೂ ಇನ್ನೊಂದು ಪಕ್ಕದಿಂದ ನೋಡಿದವರಿಗೆ ಸಿಟ್ಟಾದಂತೆಯೂ ಕಾಣುತ್ತಿತ್ತು. ನನಗೆ ಅವರು ಸಿಕ್ಕಿದ್ದು ಹೆಚ್ಚಾಗಿ ಸಿಟ್ಟಿನ ಪಕ್ಕದಿಂದಲೇ.

ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ ಅವರು ಯಶವಂತಪುರದ ನಮ್ಮ ವಠಾರಕ್ಕೆ ಬಂದರು. ಅವರ ಅಳಿಯ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಮಗಳು, ನಾನು ಅಕ್ಕ ಎಂದು ಕರೆಯುತ್ತಿದ್ದವರು, ನಮ್ಮ ಗೋಡೆಯ ಆಚೆ ಬದಿಯ ಮನೆಯಲ್ಲಿದ್ದರು. ನನಗಾಗ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ, ಮಲ್ಲೇಶ್ವರದಲ್ಲಿ ಟೈಪಿಂಗ್ ಕಲಿತು, ತುಮಕೂರು ರಸ್ತೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ವಠಾರದವರೆಲ್ಲ ಅವರನ್ನು ತಾತ ಎನ್ನಲು ಹೊರಟಾಗ ಅವರು ಒಪ್ಪಲಿಲ್ಲ. ತಮ್ಮ ಕಡೆ ಅಜ್ಜ ಎನ್ನುತ್ತಾರೆ, ಅಜ್ಜ ಎಂದೇ ಕರೆಯಬೇಕು ಎಂದರು. ಕೆಲಸ ಏನು ಮಾಡುತ್ತಿದ್ದರು ಎಂದು ನನ್ನ ಅಮ್ಮ ಕೇಳಿದ್ದಕ್ಕೆ, ಪಡುವಣ ಕರಾವಳಿಯ ಹದ್ದುಗಲ್ಲು ಎಂಬಲ್ಲಿ ಮೂವತ್ತೊಂದು ವರ್ಷ ಲೈಟ್‌ಹೌಸ್ ನೋಡಿಕೊಂಡೆ ಎಂದರು. ಅಮ್ಮನಿಗೆ ಅದು ಯಾವುದೋ ಬಂಗಲೆಯ ಹೆಸರಿನಂತೆ ಕೇಳಿಸಿತು. "ಬಂಗ್ಲೆ ನೋಡ್ಕೊಳೋಕೆ ಅಷ್ಟು ವರ್ಷ ಬೇಕಾ?" ಎಂದು ಆಮೇಲೆ ನನ್ನನ್ನು ಕೇಳಿದರು.

ಹೆಂಡತಿ ತೀರಿಹೋಗಿದ್ದರು, ನಿವೃತ್ತಿಯಾದ ಮೇಲೆ ಸರಕಾರದ ಮನೆ ಬಿಡಬೇಕಾಗಿತ್ತು. ಅದಕ್ಕೇ ಸಮುದ್ರ ಬಿಟ್ಟು ಈ ಬಯಲಿಗೆ ಬಂದದ್ದು. ಬಂದರೂ ಅಲ್ಲಿಯ ಅಭ್ಯಾಸ ಒಂದೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಸೂರ್ಯ ಮೇಲೆ ಬರುವ ಹೊತ್ತಿಗೆ ಮನೆಯ ಕಿಟಕಿಗಳಿಗೆಲ್ಲ ಪರದೆ ಎಳೆದುಬಿಡುತ್ತಿದ್ದರು. ಅಕ್ಕ ಕತ್ತಲಲ್ಲಿ ಅಕ್ಕಿ ಆರಿಸಬೇಕಾಗುತ್ತದೆಂದು ಗೊಣಗುತ್ತ ತೆಗೆದರೆ, ಅವರು ಮತ್ತೆ ಎಳೆಯುತ್ತಿದ್ದರು. ಯಾಕೆಂದು ನಾನೇ ಒಮ್ಮೆ ಕೇಳಿದೆ. ದೀಪದ ಸುತ್ತ ಗಾಜಿನ ಪಟ್ಟಿಗಳನ್ನು ಜೋಡಿಸಿ ಮಾಡಿದ ಪಂಜರವೊಂದು ಇರುತ್ತದೆ, ಅದು ಒಳಗಿನ ಪುಟ್ಟ ಬೆಂಕಿಯನ್ನು ಹಿಡಿದು ಇಪ್ಪತ್ತು ಮೈಲಿಗೆ ಎಸೆಯುತ್ತದೆ. ಹಗಲಲ್ಲಿ ಪರದೆ ಮುಚ್ಚದಿದ್ದರೆ ಅದೇ ಗಾಜು ಸೂರ್ಯನನ್ನು ಹಿಡಿದು ಒಳಗೆ ಎಸೆಯುತ್ತದೆ, ದೀಪದ ಹಿತ್ತಾಳೆಯೇ ಕರಗಬಹುದು, ಗುಡ್ಡದ ಒಣಹುಲ್ಲಿಗೂ ಬೆಂಕಿ ಬೀಳಬಹುದು ಎಂದು ವಿವರಿಸಿದರು. ಯಶವಂತಪುರದ ಕಿಟಕಿಯಲ್ಲಿ ಅಂಥ ಗಾಜಿಲ್ಲವಲ್ಲ ಎಂದೆ. ಅಭ್ಯಾಸಕ್ಕೆ ಅದು ಗೊತ್ತಿಲ್ಲ ಎಂದರು.

ಸ್ಟೇಷನ್ನಿನಲ್ಲಿ ಸಿಗ್ನಲ್ ಕಂಬಗಳಿಗೆ ಸೀಮೆಎಣ್ಣೆ ದೀಪ ಹಚ್ಚುವವನಿಗೂ ಅವರಿಗೂ ದಿನವೂ ಜಗಳ. ಸಂಜೆ ನಾಲ್ಕಕ್ಕೆ ಹೋಗಿ, ಅವನು ಬತ್ತಿ ಕತ್ತರಿಸುವುದನ್ನು ನಿಂತು ನೋಡಿ, ಮೂಲೆ ದುಂಡಗೆ ಬರಲಿಲ್ಲ, ಹೊಗೆ ಹಿಡಿಯುತ್ತದೆ ಎಂದು ತಪ್ಪು ತೆಗೆಯುತ್ತಿದ್ದರು. ರೈಲು ನಿಂತರೆ ಸಾಕು, ಹಡಗು ನಿಲ್ಲಿಸುವ ಕೆಲಸ ತನ್ನದಲ್ಲ ಎಂದು ಅವನು ಹೇಳುತ್ತಿದ್ದ. ಅಳಿಯನಿಗೆ ಮುಜುಗರ. ಅಲ್ಲಿಂದ ಅಜ್ಜ ಮತ್ತಿಕೆರೆಯ ಕಡೆಯ ದಿಬ್ಬಕ್ಕೆ ನಡೆದು, ಸೂರ್ಯ ಮುಳುಗಿದ ಸಮಯ, ಗಾಳಿಯ ದಿಕ್ಕು, ಮೋಡ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದರು. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಅವರಿಗೆ ನನ್ನ ಟೈಪಿಂಗ್ ಬೇಕಾದದ್ದು ಆ ವರ್ಷದ ಕೊನೆಯಲ್ಲಿ. ಲೈಟ್‌ಹೌಸ್ ಇಲಾಖೆಯವರು ಹಳೆಯ ದೀಪಸ್ತಂಭಗಳ ಬಗ್ಗೆ ಒಂದು ಕಿರುಪುಸ್ತಕ ತರುವವರಿದ್ದರು, ಗೊತ್ತಿದ್ದದ್ದನ್ನು ಬರೆದು ಕಳುಹಿಸಿ ಎಂದು ನಿವೃತ್ತರಿಗೆಲ್ಲ ಸುತ್ತೋಲೆ ಕಳಿಸಿದ್ದರು. ಅಜ್ಜ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು, ಮಲ್ಲೇಶ್ವರದ ಟೈಪಿಂಗ್ ಸ್ಕೂಲಿನಲ್ಲಿ ಶನಿವಾರ ಮಧ್ಯಾಹ್ನ ಬಡಿಯುವುದು ಎಂದಾಯಿತು. ಒಂದು ಶನಿವಾರದ ಕೆಲಸ ಎಂದುಕೊಂಡು ಒಪ್ಪಿದೆ. ಕೊನೆಗೆ ಅದು ಹನ್ನೊಂದು ಪುಟವಾಯಿತು.

ಆ ಹನ್ನೊಂದು ಪುಟ ಬರೆಯುವಷ್ಟರಲ್ಲಿ ಹದ್ದುಗಲ್ಲು ನನಗೆ ನಮ್ಮ ವಠಾರದಷ್ಟೇ ಪರಿಚಯವಾಯಿತು. ಕಡಲಿಗೆ ಮೂಗು ಚಾಚಿದ ಕರಿಬಂಡೆ. ಮೂರು ಕಡೆ ನೇರ ಕಡಿದು ಇಳಿದದ್ದು, ಊರಿನ ಕಡೆಯಿಂದ ಮಾತ್ರ ಹತ್ತುವ ದಾರಿ. ಮೇಲೆ ಎಂಟು ಮೂಲೆಯ ಕಲ್ಲಿನ ಗೋಪುರ, ಹೊರಗೆ ಚಿಪ್ಪಿನ ಸುಣ್ಣದ ಬಿಳಿ. ಕಲ್ಲನ್ನೆಲ್ಲ ಆ ಬಂಡೆಯ ಬೆನ್ನಿನಿಂದಲೇ ಒಡೆದದ್ದು. ಒಳಗೆ ಸುರುಳಿ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದೇ ಕಲ್ಲು, ಒಂದು ತುದಿ ಗೋಡೆಯಲ್ಲಿ, ಇನ್ನೊಂದು ತುದಿ ನಡುವಿನ ಕಂಬದಲ್ಲಿ. ಗಾಜಿನ ಪಂಜರ ವಿಲಾಯತಿಯಿಂದ ಹಡಗಿನಲ್ಲಿ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬಂತು. ದೋಣಿಯಿಂದ ಬಂಡೆಯ ಬುಡಕ್ಕಿಳಿಸಿ, ಹಗ್ಗ ಕಟ್ಟಿ ಮೇಲೆಳೆದವರು ಊರಿನ ಮೀನುಗಾರರು. ಅಷ್ಟು ಭಾರದ ಪಂಜರ ಪಾದರಸದ ತೊಟ್ಟಿಯಲ್ಲಿ ತೇಲುತ್ತದೆ, ಕಿರುಬೆರಳಲ್ಲಿ ನೂಕಿದರೆ ತಿರುಗುತ್ತದೆ. ತಿರುಗಿಸುವುದಕ್ಕೆ ಗಡಿಯಾರದಂಥ ಯಂತ್ರ. ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡು ಗೋಪುರದ ನಡುವೆ ನಿಧಾನ ಇಳಿಯುತ್ತದೆ, ತಳ ಮುಟ್ಟುವುದರೊಳಗೆ ಕೈಯಿಂದ ಸುತ್ತಿ ಮತ್ತೆ ಮೇಲೇರಿಸಬೇಕು. ಬೆಂಕಿ ಮಾತ್ರ ನಮ್ಮ ಮದುವೆಮನೆಯ ಪೆಟ್ರೋಮ್ಯಾಕ್ಸಿನ ಅಣ್ಣ, ಅಷ್ಟೇ. ಹೊಸತರಲ್ಲಿ ಅದು ಭುಗಿಲೆದ್ದೇ ಅವರ ಹುಬ್ಬು ಹೋದದ್ದು. ಎರಡು ಮಿಂಚು, ಒಂದು ಬಿಡುವು, ಮತ್ತೆ ಎರಡು ಮಿಂಚು. ಈ ಲೆಕ್ಕ ಹದ್ದುಗಲ್ಲಿಗೆ ಮಾತ್ರ. ಲೆಕ್ಕ ನೋಡಿದರೆ ಹಡಗಿನವರಿಗೆ ತಾವೆಲ್ಲಿದ್ದೇವೆಂದು ತಿಳಿಯುತ್ತದೆ.

ಬರೆಸುವಾಗ ಅವರಂಥ ಕಾಟ ಬೇರೆ ಇಲ್ಲ. ನಾನು ಗೋಪುರಕ್ಕೆ 'ಭವ್ಯ' ಎಂಬ ಮಾತು ಸೇರಿಸಿದ್ದೆ. ಓದಿ ಹೇಳಿದಾಗ ತಡೆದರು.

"ಭವ್ಯ ಅಂದ್ರೆ ಎಷ್ಟು ಅಡಿ?"

"ಅದು ಅಳತೆ ಅಲ್ಲ ಅಜ್ಜ. ಚೆನ್ನಾಗಿದೆ ಅಂತ ಹೇಳೋದು."

"ಚೆಂದ ಉಂಟಾ ಇಲ್ವಾ ಅಂತ ಹೋದವರು ನೋಡ್ತಾರೆ ಮಾರಾಯ್ತಿ. ನೀನು ಅಡಿ ಬರಿ."

ಮತ್ತೆ ಇಡೀ ಪುಟ ಟೈಪು ಮಾಡಬೇಕಾಯಿತು. ಹೀಗೆ ಮೂರು ಶನಿವಾರ, ನಾಲ್ಕು ಶನಿವಾರ. ಒಂದು ಪುಟವನ್ನು ಏಳು ಸಲ ಬಡಿದೆ. ಏಳನೆಯ ಸಲ ನಾನು ಬಸ್ ಸ್ಟಾಂಡಿನಲ್ಲಿ ನಿಂತು ಅತ್ತದ್ದು ಅವರಿಗೆ ಗೊತ್ತಿಲ್ಲ.

ಆ ಹನ್ನೊಂದು ಪುಟದಲ್ಲಿ ಮೊದಲ ಪುಟ ದುಗ್ಗಮ್ಮನದು. ಗೋಪುರ ಕಟ್ಟುವುದಕ್ಕೆ ಎಷ್ಟೋ ಮೊದಲು ಅವಳು ಆ ಊರಿನ ಮೀನುಗಾರರ ಹೆಂಗಸು. ಸಂಜೆಗತ್ತಲಲ್ಲಿ ಹಿಂತಿರುಗುತ್ತಿದ್ದ ಗಂಡನ ದೋಣಿ ಅದೇ ಬಂಡೆಗೆ ಬಡಿದು ಒಡೆದುಹೋಯಿತು. ಬಂಡೆಯ ನೆತ್ತಿಯಿಂದ ಸ್ವಲ್ಪ ಕೆಳಗೆ, ಕಡಲ ಕಡೆಗೆ ಬಾಯಿ ತೆರೆದ ಒಂದು ಕುಳಿ ಇದೆ. ಮೂರು ಕಡೆ ಕಲ್ಲಿನ ಮರೆ. ದುಗ್ಗಮ್ಮ ಅದರಲ್ಲಿ ತೆಂಗಿನೆಣ್ಣೆಯ ದೀಪ ಇಡತೊಡಗಿದಳು. ತಡೆಯದಿದ್ದರೆ ಸಾಯುವವರೆಗೂ ಇಡುವವಳಿದ್ದಳು. ಊರಿನ ಪ್ರತಿ ದೋಣಿಯವರೂ ಸರದಿಯಲ್ಲಿ ಎಣ್ಣೆ ಕೊಡುತ್ತಿದ್ದರು. ಮಳೆಗಾಲ ಮುಗಿದು ದೋಣಿ ಇಳಿಸುವ ದಿನ, ಅಜ್ಜ ಅಲ್ಲಿದ್ದಾಗಲೂ, ಊರವರು ಆ ಕುಳಿಗೆ ಎಣ್ಣೆ ಹೊಯ್ಯುತ್ತಿದ್ದರು. ಗೋಪುರದಲ್ಲಿ ದೀಪ ಹತ್ತಿದ ವಾರವೇ ಅವಳ ದೀಪ ನಿಲ್ಲಿಸಿದರು. ಆಮೇಲೆ ಅವಳು ದಿನಾ ಸಂಜೆ ಬಂಡೆ ಹತ್ತಿ, ಗೋಪುರದ ದೀಪ ಹತ್ತುವವರೆಗೆ ಕೂತಿದ್ದು ಇಳಿದು ಹೋಗುತ್ತಿದ್ದಳಂತೆ. ಈ ಕೊನೆಯ ಮಾತನ್ನು ನಾನು ಬರೆಯಹೊರಟಾಗ ಅಜ್ಜ ಬೇಡವೆಂದರು. ಅದು ಕೇಳಿದ್ದು, ದಾಖಲೆಯಲ್ಲಿ ಇದ್ದದ್ದಲ್ಲ.

ದಾಖಲೆಯಲ್ಲಿ ಇದ್ದದ್ದು ಒಂದೇ ವಾಕ್ಯ. ಅಜ್ಜ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಳೆಯ ದಿನಚರಿಗಳನ್ನು ಕಟ್ಟಿ ಮುಖ್ಯ ಕಚೇರಿಗೆ ಕಳುಹಿಸುವ ಕೆಲಸ ಬಂದಿತ್ತು. ಮೊಟ್ಟಮೊದಲ ದಿನಚರಿಯಲ್ಲಿ ಆಗಿನ ಇಂಗ್ಲಿಷ್ ಅಧಿಕಾರಿ, ಗೋಪುರದ ಕೆಳಗಿನ ಕುಳಿಯಲ್ಲಿ ಮುದುಕಿಯೊಬ್ಬಳು ಬಹಳ ಕಾಲದಿಂದ ಉರಿಸುತ್ತಿದ್ದ ದೀಪವನ್ನು ಇಂದಿನಿಂದ ನಿಲ್ಲಿಸಿದ್ದೇನೆ, ಎರಡು ಬೆಳಕು ಕಂಡರೆ ದೋಣಿಯವರಿಗೆ ಗೊಂದಲವಾಗುತ್ತದೆ ಎಂದು ಬರೆದಿದ್ದ. ಅಜ್ಜ ಅದನ್ನು ಒಂದು ಹಾಳೆಯಲ್ಲಿ ನಕಲು ಮಾಡಿಕೊಂಡು, ತಮ್ಮ ಮೇಲಿನವರಿಂದ 'ಮೂಲದಂತೆಯೇ ಇದೆ' ಎಂದು ಸಹಿ ಹಾಕಿಸಿದ್ದರು. ಆ ಮೇಲಿನವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮುದುಕಿಯ ಹೆಸರು ಮಾತ್ರ ದಿನಚರಿಯಲ್ಲಿರಲಿಲ್ಲ. ಅಜ್ಜ ಊರಿನ ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ, ಮೂವರೂ ದುಗ್ಗಮ್ಮ ಎಂದ ಮೇಲೆಯೇ ಬರೆಸಿದ್ದರು.

ಒಂದೂವರೆ ವರ್ಷದ ಮೇಲೆ ಕಿರುಪುಸ್ತಕ ಬಂತು. ಹದ್ದುಗಲ್ಲಿಗೆ ನಾಲ್ಕು ಸಾಲು. ಕಟ್ಟಿಸಿದ ಎಂಜಿನಿಯರನ ಹೆಸರು, ಎತ್ತರ, ಮಿಂಚಿನ ಲೆಕ್ಕ. ನಾಲ್ಕನೆಯ ಸಾಲು: ಇದಕ್ಕೆ ಮೊದಲು ಈ ಬಂಡೆಯ ಮೇಲೆ ಯಾವ ದೀಪವೂ ಇರಲಿಲ್ಲ.

ಅಜ್ಜ ಅದನ್ನು ನಮ್ಮ ಮನೆಯ ಜಗಲಿಯ ಮೇಲೆ ಕೂತು ಓದಿಸಿಕೊಂಡರು. ಮತ್ತೊಮ್ಮೆ ಓದಲು ಹೇಳಿದರು. ನಾನು, ಹೋಗಲಿ ಬಿಡಿ, ಉಳಿದದ್ದೆಲ್ಲ ಸರಿಯಾಗಿದೆಯಲ್ಲ ಎಂದೆ.

"ಬಿಟ್ಟಿದ್ರೆ ನಾನೂ ಬಿಡ್ತಿದ್ದೆ. ಜಾಗ ಇಲ್ಲ ಅಂತ ಬಿಟ್ರು ಅಂತ ತಿಳ್ಕೊಳ್ತಿದ್ದೆ. ಇವ್ರು ಬಿಡ್ಲಿಲ್ಲ. ಇರ್ಲೇ ಇಲ್ಲ ಅಂತ ಬರ್ದಿದ್ದಾರೆ" ಎಂದರು.

ಅಲ್ಲಿಂದ ಶುರುವಾದದ್ದು ಆರೂವರೆ ವರ್ಷ ನಡೆಯಿತು.

ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ, ತಮ್ಮ ಪತ್ರ ತಲುಪಿದೆ ಎಂದು ಬಂತು. ನಾಲ್ಕನೆಯದಕ್ಕೆ, ದಾಖಲೆಯ ಆಧಾರವಿದ್ದರೆ ತಿಳಿಸಿ ಎಂದು ಬಂತು. ಮೊದಲ ದಿನಚರಿ ನಿಮ್ಮ ಕಚೇರಿಯಲ್ಲೇ ಇದೆ, ನಾನೇ ಕಟ್ಟಿ ಕಳುಹಿಸಿದ್ದೇನೆ ಎಂದು ಅಜ್ಜ ಬರೆಸಿದರು. ಅದು ಈಗ ಸಿಗುತ್ತಿಲ್ಲ ಎಂದು ಉತ್ತರ. ಹಾಗಾದರೆ ನಕಲು ನನ್ನಲ್ಲಿದೆ ಎಂದು ಬರೆಸಿದರು. ಕಳುಹಿಸಿ ಎಂದು ಉತ್ತರ. ಒಂದೊಂದು ಉತ್ತರಕ್ಕೆ ನಾಲ್ಕೈದು ತಿಂಗಳು. ನಾವು ಪತ್ರ ಹಾಕಿದ ದಿನದಿಂದ ಅಂಚೆಯವನು ವಠಾರದ ಬಾಗಿಲಿಗೆ ಬಂದಾಗಲೆಲ್ಲ ಅಜ್ಜ ಎದ್ದು ನಿಲ್ಲುತ್ತಿದ್ದರು. ಅವರು ನಿಲ್ಲುವುದು ಕಂಡರೆ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. "ಸತ್ತು ನೂರು ವರ್ಷ ಆದ ಹೆಂಗಸಿಗೆ ಅಪ್ಪ ಇಷ್ಟು ಒದ್ದಾಡ್ತಾರೆ. ನನ್ನ ಅಮ್ಮ ಹಾಸಿಗೆ ಹಿಡಿದಾಗ ರಜೆ ಕೇಳ್ಲಿಲ್ಲ, ಗೊತ್ತುಂಟಾ?" ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು. ಅಕ್ಕ ಹೇಳಿದ್ದು ಸುಳ್ಳಲ್ಲ ಎಂದು ಅಜ್ಜನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಾಳೆಯನ್ನು ಕಳುಹಿಸಿ ಎಂದು ಬಂದಾಗ ಅಜ್ಜ ಆ ಹಳೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಅದರ ಪ್ರತಿ ಟೈಪು ಮಾಡಿ, ಒಬ್ಬ ಅಧಿಕಾರಿಯಿಂದ ದೃಢೀಕರಣ ಮಾಡಿಸಿ, ಪ್ರತಿಯನ್ನು ಮಾತ್ರ ಕಳುಹಿಸಬೇಕು, ಹಾಳೆ ಹಿಂದಕ್ಕೆ ತರಬೇಕು ಎಂದು ಎರಡೆರಡು ಸಲ ಹೇಳಿದ್ದರು. ಪ್ರತಿ ಟೈಪು ಮಾಡಿದೆ. ದೃಢೀಕರಿಸುವ ಅಧಿಕಾರಿಯ ಬಾಗಿಲಿಗೆ ಮೂರು ಸಲ ಹೋದೆ. ಮೊದಲ ಸಲ ಅವರಿರಲಿಲ್ಲ, ಎರಡನೆಯ ಸಲ ಊಟಕ್ಕೆ ಹೋಗಿದ್ದರು, ಮೂರನೆಯ ಸಲ ಇದು ಯಾವ ಕಾಗದವೋ ತಮಗೆ ಗೊತ್ತಿಲ್ಲ ಎಂದು ಸಹಿ ಹಾಕಲಿಲ್ಲ. ಆ ವಾರ ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು, ಕೆಲಸಕ್ಕೆ ಹೋಗುವ ಹುಡುಗಿ ಬೇಡ ಎಂದು ಹೇಳಿ ಕಳುಹಿಸಿದ್ದರು. ಅಮ್ಮ ಮಾತು ಬಿಟ್ಟಿದ್ದರು. ಅಂಚೆ ಕಚೇರಿಯ ಮುಂದೆ ನಿಂತವಳಿಗೆ ಇದೆಲ್ಲ ಒಮ್ಮೆ ಮುಗಿದರೆ ಸಾಕು ಅನ್ನಿಸಿತು. ಸಹಿಯಿದ್ದ ಆ ಹಳೆಯ ಹಾಳೆಯನ್ನೇ ಲಕೋಟೆಗೆ ಹಾಕಿ ರಿಜಿಸ್ಟರ್ ಮಾಡಿಬಿಟ್ಟೆ. ಹಳೆಯ ಸಹಿಯನ್ನೇ ಕಂಡರೆ ಅವರು ನಂಬಿಯೇ ನಂಬುತ್ತಾರೆ ಎಂದು ಸಮಾಧಾನವನ್ನೂ ಹೇಳಿಕೊಂಡೆ.

ಐದು ತಿಂಗಳ ಮೇಲೆ ಉತ್ತರ ಬಂತು. ಪತ್ರ ತಲುಪಿದೆ, ಲಗತ್ತು ಕಾಣಲಿಲ್ಲ, ದಯವಿಟ್ಟು ಕಳುಹಿಸಿ.

ಎರಡು ವಾರ ಅವರಿಂದ ತಪ್ಪಿಸಿಕೊಂಡು ಓಡಾಡಿದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಹೇಳಿದೆ. ಅವರು ಬಲಗಡೆಯ ಹುಬ್ಬನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ನನ್ನನ್ನೇ ನೋಡಿದರು.

"ರಶೀದಿ ಉಂಟಾ?"

"ಇದೆ."

"ಹಾಳೆ ಹೋಯ್ತು ಅನ್ಲಿಕ್ಕೆ ಒಂದು ಹಾಳೆ ಉಂಟು. ಒಳ್ಳೇದಾಯ್ತು."

ಅಷ್ಟೇ ಹೇಳಿ ಎದ್ದು ಒಳಗೆ ಹೋದರು. ಆಮೇಲೆ ಹದಿನೆಂಟು ದಿನ ನನ್ನ ಜತೆ ಮಾತಾಡಲಿಲ್ಲ. ನಾನು ಬಾಗಿಲಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಹಾಗೆ ಆಗಲಿಲ್ಲ. ಹತ್ತೊಂಬತ್ತನೆಯ ದಿನ ಬಿಳಿಹಾಳೆ ಹಿಡಿದುಕೊಂಡು ಬಂದು, ಕೂತು, ಬರೆದುಕೋ ಎಂದರು. ದಿನಚರಿಯ ವಾಕ್ಯವನ್ನು ಇಂಗ್ಲಿಷಿನಲ್ಲೇ, ಅಲ್ಪವಿರಾಮದ ಸಮೇತ, ಬಾಯಲ್ಲಿ ಹೇಳಿದರು. ನನ್ನ ಟೈಪು ಪ್ರತಿಯೊಡನೆ ಹೋಲಿಸಿದೆ, ಒಂದಕ್ಷರ ವ್ಯತ್ಯಾಸವಿರಲಿಲ್ಲ. ಆದರೆ ನಮ್ಮಿಬ್ಬರಿಗೂ ಗೊತ್ತಿತ್ತು, ಇನ್ನು ಮೇಲೆ ಅದು ನೆನಪು ಮಾತ್ರ, ದಾಖಲೆಯಲ್ಲ.

ಇಲಾಖೆಯ ದಾರಿ ಮುಚ್ಚಿದ ಮೇಲೆ ಅಜ್ಜ ಬೆಂಗಳೂರಿನ ಕಚೇರಿಗಳನ್ನು ಹಿಡಿದರು. ಕರಾವಳಿ ಈಗ ನಮ್ಮ ರಾಜ್ಯದ್ದೇ ಆಗಿತ್ತಲ್ಲ. ಹೊಸ ಜಿಲ್ಲೆಗಳ ಪರಿಚಯ ಬರೆಸುತ್ತಿದ್ದ ಒಂದು ಕಚೇರಿಗೆ ನಾನು ಅರ್ಧ ದಿನ ರಜೆ ಹಾಕಿ ಅವರ ಜತೆ ಹೋದೆ. ಅಲ್ಲಿಯ ಗುಮಾಸ್ತರು ಸೌಮ್ಯ ಮನುಷ್ಯ. ಕುರ್ಚಿ ಕೊಟ್ಟರು, ಪೂರ್ತಿ ಕೇಳಿದರು.

"ಲೈಟ್‌ಹೌಸ್ ಸೆಂಟ್ರಲ್ ಗೌರ್ಮೆಂಟ್ದು ಕಣ್ರೀ. ನಾವು ಅದ್ರ ಬಗ್ಗೆ ಏನೂ ಬರಿಯೋಕಾಗಲ್ಲ" ಎಂದರು.

ತಾನು ಹೇಳುತ್ತಿರುವುದು ಲೈಟ್‌ಹೌಸಿನ ವಿಷಯವಲ್ಲ, ಅದಕ್ಕಿಂತ ಮೊದಲಿನ ಬಂಡೆಯ ವಿಷಯ ಎಂದು ಅಜ್ಜ ತಿದ್ದಿದರು.

"ಬಂಡೆ ಆದ್ರೆ ರೆವಿನ್ಯೂನೋರು ಹೇಳ್ಬೇಕು."

"ಗೋಪುರ ಕೇಂದ್ರದ್ದು, ಬಂಡೆ ರಾಜ್ಯದ್ದು. ಆ ಹೆಂಗಸು ಯಾರದ್ದು, ಅದನ್ನು ಹೇಳಿ" ಎಂದು ಅಜ್ಜ ಕೇಳಿದರು.

ಗುಮಾಸ್ತರು ಕಾಗದ ಕೊಟ್ಟು ಹೋಗಿ, ನೋಡೋಣ ಎಂದರು. ಬಸ್ಸಿನಲ್ಲಿ ಹಿಂತಿರುಗುವಾಗ ಅಜ್ಜ ಮೇಖ್ರಿ ಸರ್ಕಲ್ಲು, ಹೆಬ್ಬಾಳ ಕಡೆಯ ಬಯಲು ಯಾವುದನ್ನೂ ನೋಡಲಿಲ್ಲ. ಬಸ್ಸು ತಪ್ಪಿ ಹತ್ತಿ ನಾವು ಸುತ್ತುದಾರಿಯಲ್ಲಿ ಹೋಗುತ್ತಿದ್ದೇವೆಂಬುದು ಇಬ್ಬರಿಗೂ ಹೆಬ್ಬಾಳದಲ್ಲಿ ಇಳಿಸಿದಾಗಲೇ ಗೊತ್ತಾದದ್ದು.

ಚೀನಾ ಯುದ್ಧವಾದ ಮರುವರ್ಷ ಅಕ್ಕನಿಗೆ ಊರ ಕಡೆ ಒಂದು ಮದುವೆಗೆ ಹೋಗಬೇಕಿತ್ತು. ಅಜ್ಜನೂ ಹೊರಟರು, ನನ್ನನ್ನೂ ಕರೆದರು. ಒಂದು ಹಗಲು ಪೂರ್ತಿ ಬಸ್ಸು. ಘಟ್ಟ ಇಳಿಯುವಾಗ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಆರು ವರ್ಷ ಮಾತಿನಲ್ಲೇ ಹತ್ತಿ ಇಳಿದಿದ್ದ ಬಂಡೆಯನ್ನು ಮರುದಿನ ಬೆಳಿಗ್ಗೆ ಕಣ್ಣಿನಿಂದ ಕಂಡೆ. ಹೇಳಿದ್ದಕ್ಕಿಂತ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಗೇಟಿನಲ್ಲಿ ಹೊಸ ದೀಪಪಾಲಕ ತಡೆದ. ಇನ್ನೂ ಚಿಕ್ಕ ವಯಸ್ಸಿನವನು. ಅಜ್ಜ ಯಾರೆಂದು ತಿಳಿದು ನಮಸ್ಕಾರ ಮಾಡಿದ. "ನಿಮ್ಮ ಬಗ್ಗೆ ಎಲ್ಲರೂ ಹೇಳ್ತಾರೆ ಅಜ್ಜ. ಆದ್ರೆ ಯುದ್ಧ ಆದ ಮೇಲೆ ಪರ್ಮಿಟ್ ಇಲ್ಲದೆ ಯಾರನ್ನೂ ಬಿಡ್ಲಿಕ್ಕಿಲ್ಲ. ನನ್ನ ಕೆಲಸ ಹೋಗ್ತದೆ" ಎಂದ. ಅಜ್ಜ ಅವನ ಮೇಲೆ ಸಿಟ್ಟಾಗಲಿಲ್ಲ. ತಾನಿದ್ದರೂ ಬಿಡುತ್ತಿರಲಿಲ್ಲ ಎಂದರು. ಗೋಪುರ ಬೇಡ, ಬೇಲಿಯ ಹೊರಗೆ, ಕಡಲ ಕಡೆಯ ಕುಳಿಯೊಂದನ್ನು ಈ ಹುಡುಗಿಗೆ ತೋರಿಸಿ ಹೋಗುತ್ತೇನೆ ಎಂದು ಕೇಳಿದರು. ಅವನ ಮುಖ ಸಣ್ಣದಾಯಿತು. ಯಾವ ಕುಳಿ ಎಂದು ಕೇಳಿದ.

ಬೇಲಿ ಈಗ ಮುಂದಕ್ಕೆ ಬಂದಿತ್ತು. ಹೊರಗಿನಿಂದ ಸುತ್ತಿಕೊಂಡು ಹೋದೆವು. ಕುಳಿಯಿದ್ದ ಜಾಗದಲ್ಲಿ ಡೀಸೆಲ್ ಎಂಜಿನ್ನಿಗಾಗಿ ಒಂದು ಶೆಡ್ಡು ಎದ್ದಿತ್ತು. ದೀಪಕ್ಕೆ ವಿದ್ಯುತ್ತು ಬರುವುದಿತ್ತು. ಶೆಡ್ಡಿನ ನೆಲ ಸಮ ಮಾಡಲು ಕಲ್ಲು ತುಂಬಿ ಮೇಲೆ ಬೇಲಿಯವರೆಗೂ ಸಿಮೆಂಟು ಎಳೆದಿದ್ದರು. ಎಣ್ಣೆ ಹೊಯ್ಯುವ ದಿನ ಊರವರು ಏನು ಮಾಡುತ್ತಾರೆಂದು ಅಜ್ಜ ಕೇಳಿದರು. ಈಗ ಕೆಳಗೆ ದಡದಲ್ಲೇ ಹೊಯ್ಯುತ್ತಾರೆ ಎಂದ ಆ ದೀಪಪಾಲಕ.

ಅಜ್ಜ ಬಾಗಿ, ಗೋಪುರದ ಮೂಲೆಯಿಂದ ಕಣ್ಣಳತೆ ಹಿಡಿದು, ಬೇಲಿಯ ತಂತಿಯ ಕೆಳಗೆ ಕೈ ತೂರಿಸಿ ಸಿಮೆಂಟಿನ ಮೇಲೆ ಗೇಣು ಹಾಕಿದರು. ಒಂದು ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ಎದ್ದು ನಿಂತು ಊರುಗೋಲಿನಿಂದ ಅಲ್ಲಿಗೆ ಒಂದೇ ಒಂದು ಸಲ ಬಲವಾಗಿ ಬಡಿದರು. ಕೋಲಿನ ತುದಿಯ ಹಿತ್ತಾಳೆ ಬಿಲ್ಲೆ ಕಿತ್ತು ಬಂಡೆಯ ಮೇಲೆ ಉರುಳಿ ಕೆಳಗೆ ಹೋಯಿತು. ಅವರು ಕೈ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಕ್ಕ ಹತ್ತಿರ ಹೋಗಿ ಅಪ್ಪನ ತೋಳು ಹಿಡಿದುಕೊಂಡರು. ಅಷ್ಟು ವರ್ಷ ಆ ಹೆಂಗಸಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಅಕ್ಕ, "ಬನ್ನಿ ಅಪ್ಪ. ಇಲ್ಲಿ ಇತ್ತು ಅಂತ ನಾನೂ ನೋಡಿದ್ದೇನೆ. ಸಣ್ಣವಳಿದ್ದಾಗ ಇದ್ರಲ್ಲೇ ಕೂತು ಆಡ್ತಿದ್ದೆ" ಎಂದರು. ಅಜ್ಜ ಜೇಬಿನಿಂದ ಪುಸ್ತಕ ತೆಗೆದು ದಿನ, ಗಾಳಿಯ ದಿಕ್ಕು ಬರೆದು, ಕೆಳಗೆ ಒಂದು ಸಾಲು ಸೇರಿಸಿದರು. ಅವರ ಹೆಗಲ ಮೇಲಿಂದ ಓದಿದೆ: ಕುಳಿ ಇದೆ. ಮೇಲೆ ಸಿಮೆಂಟು ಇದೆ.

ಹಿಂತಿರುಗಿದ ಮೇಲೂ ಪತ್ರ ನಿಲ್ಲಲಿಲ್ಲ. ಈಗ ಅಕ್ಕನ ಹೇಳಿಕೆಯೂ ಸೇರಿತು. ಮಗಳ ಹೇಳಿಕೆ ಸಾಕ್ಷಿಯಾಗುವುದಿಲ್ಲ ಎಂದು ಉತ್ತರ ಬಂತು. ಊರಿನ ಹಿರಿಯರ ಹೇಳಿಕೆ ತರಿಸಿದರು. ಹೆಬ್ಬೆಟ್ಟಿನ ಗುರುತಿಗೆ ದೃಢೀಕರಣ ಬೇಕು ಎಂದು ಬಂತು. ನನಗೆ ಅಷ್ಟರಲ್ಲಿ ಮದುವೆಯಾಗಿ, ಮತ್ತಿಕೆರೆಯ ಆಚೆ ಮನೆ ಮಾಡಿದ್ದೆವು. ನನ್ನ ಕೆಲಸಕ್ಕೆ ತಕರಾರಿಲ್ಲದ ಗಂಡ ಸಿಕ್ಕಿದ್ದರು. ಶನಿವಾರದ ಟೈಪಿಂಗ್ ಮಾತ್ರ ತಪ್ಪಿಸಲಿಲ್ಲ. ನನ್ನಿಂದ ಹೋದ ಹಾಳೆ ಅದು. ತಪ್ಪಿಸಿಕೊಳ್ಳುವ ಮುಖ ನನಗಿರಲಿಲ್ಲ.

ಪಾಕಿಸ್ತಾನದ ಜತೆ ಯುದ್ಧ ಮುಗಿದ ಚಳಿಗಾಲದಲ್ಲಿ ಅಜ್ಜನಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ನಾನು ಹೋದಾಗ ಮಧ್ಯಾಹ್ನ. ಹೊಸ ಪತ್ರದ ಕರಡು ಓದಲು ಹೇಳಿದರು. ಇದೊಂದು ವಾಕ್ಯವನ್ನು ತಿದ್ದಿ ಪ್ರಕಟಿಸಬೇಕೆಂದು ವಿನಯದಿಂದ ಕೋರುತ್ತೇನೆ ಎಂಬಲ್ಲಿಗೆ ಬಂದಾಗ ಕೈಸನ್ನೆಯಿಂದ ತಡೆದರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ನಡುನಡುವೆ ನಿಲ್ಲುತ್ತಿದ್ದರು.

"ಕೋರುತ್ತೇನೆ ಬೇಡ. ತೆಗಿ ಅದನ್ನು."

"ಏನ್ ಹಾಕ್ಲಿ ಅಜ್ಜ?"

"ಅಲ್ಲಿ ಮೊದ್ಲು ದುಗ್ಗಮ್ಮನ ದೀಪ ಇತ್ತು ಅಂತ ತಿಳಿಸುತ್ತೇನೆ. ಅಷ್ಟು ಸಾಕು. ಕೇಳಿದ್ದು ಆಯ್ತು."

ನಾನು ತಿದ್ದಿ ಓದಿದೆ. ತಲೆಯಾಡಿಸಿದರು. ಸಹಿ ಹಾಕಲು ಪೆನ್ನು ಕೊಟ್ಟೆ. ನಾಳೆ ಹಾಕುತ್ತೇನೆ ಎಂದರು. ಮರುದಿನ ಬೆಳಿಗ್ಗೆ ತೀರಿಕೊಂಡರು. ಸಹಿಯಿಲ್ಲದ ಆ ಪತ್ರ ನನ್ನ ಚೀಲದಲ್ಲೇ ಉಳಿಯಿತು.

ಮೂರು ತಿಂಗಳಾದ ಮೇಲೆ ಅಕ್ಕ ನಮ್ಮ ಮನೆಗೆ ಬಂದು ಒಂದು ಲಕೋಟೆ ಕೊಟ್ಟರು. ಅಜ್ಜನ ಹೆಸರಿಗೆ ಬಂದದ್ದು. ತಮ್ಮ ಹಿಂದಿನ ಪತ್ರವನ್ನು ಸಂಬಂಧಪಟ್ಟ ಶಾಖೆಗೆ ಕಳುಹಿಸಲಾಗಿದೆ, ತಾಳ್ಮೆಯಿಂದಿರಬೇಕು ಎಂದಿತ್ತು. ಅಕ್ಕ ಅದನ್ನು ಹರಿಯಲು ಹೋದರು. ನಾನು ತಡೆದೆ. ಅಂದು ಸಂಜೆಯೇ ಟೈಪಿಂಗ್ ಸ್ಕೂಲಿಗೆ ಹೋಗಿ ಅಜ್ಜನ ಕೊನೆಯ ಕರಡನ್ನು ಬಡಿದೆ. ಪತ್ರ ಬರೆದವರು ತೀರಿಕೊಂಡಿದ್ದಾರೆ, ಅವರು ಹೇಳಿದ್ದನ್ನು ನಾನು ತಿಳಿಸುತ್ತಿದ್ದೇನೆ ಎಂದು ಮೇಲೆ ಸೇರಿಸಿದೆ. ಕೆಳಗೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ನನ್ನ ಹೆಸರು ಹಾಕಿದೆ. ಅಂದಿನಿಂದ ವರ್ಷಕ್ಕೆ ಒಂದು ಪತ್ರ ಹಾಕುತ್ತ ಬಂದಿದ್ದೇನೆ. ಇವತ್ತು ನಾನು ಒಂದು ವಾಕ್ಯ ಬರೆದರೆ ಅದರಲ್ಲಿ ಸುಮ್ಮನೆ ಸೇರಿಸಿದ ಮಾತಿಲ್ಲ ಎಂದು ಯಾರಾದರೂ ಮೆಚ್ಚಿದರೆ, ಅದು ಏಳು ಸಲ ಬಡಿದ ಆ ಪುಟದ ಸಾಲ.

ನನ್ನ ಹೆಸರು ಹಾಕಿದ ಆ ಮೊದಲ ಪತ್ರಕ್ಕೆ ಬಂದ ಉತ್ತರ ಮಾತ್ರ ಹೇಳಿ ಮುಗಿಸುತ್ತೇನೆ. ಮುಂದಿನ ಕ್ರಮಕ್ಕಾಗಿ, ನೀವು ಮೃತರಿಗೆ ಏನಾಗಬೇಕು ಎಂಬುದನ್ನು ತಿಳಿಸಿ ಎಂದು ಕೇಳಿದ್ದರು. ಮಗಳಲ್ಲ, ಸೊಸೆಯಲ್ಲ, ಒಂದೇ ಊರಿನವಳೂ ಅಲ್ಲ. ಬಹಳ ಹೊತ್ತು ಯೋಚಿಸಿ, ಇದ್ದದ್ದನ್ನೇ ಬರೆದೆ: ಅವರ ಟೈಪಿಸ್ಟ್.